ಟ್ರ್ಯಾಕ್ಟರಿನ ಟೈರನ್ನು ಮನೆಯಲ್ಲಿಯೇ ಬದಲಾಯಿಸುವ ವಿಚಾರ

ಬಂಡಿಯ ಗಾಲಿಗೆ ಕಬ್ಬಿಣದ ಹಳಿಪಟ್ಟಿ ಹಾಕುವ ಕೆಲಸವನ್ನು ಹಿಂದೆ ಬಡಗಿಯೂ ಕಮ್ಮಾರನೂ ಕೂಡಿ ಗ್ರಾಮದಲ್ಲಿಯೇ ಮುಗಿಸುತ್ತಿದ್ದರು. ಕುಳ್ಳಿನ ಬೆಂಕಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಮರದ ಗಾಲಿಯ ಮೇಲೆ ಕೂರಿಸಿ, ನೀರು ಹೊಯ್ದು ಬಿಗಿಸುವುದನ್ನು ವಯಸ್ಸಾದ ರೈತರು ಕಂಡಿರುವರು. ಈಗ ಉಳುಮೆಯೂ ಸಾಗಣೆಯೂ ಬಹುಮಟ್ಟಿಗೆ ಟ್ರ್ಯಾಕ್ಟರಿನ ವಶವಾಗಿವೆ. ಆ ಯಂತ್ರಗಳೂ ಮೊದಲಲ್ಲಿ ಹಲ್ಲುಗಳುಳ್ಳ ಕಬ್ಬಿಣದ ಗಾಲಿಗಳ ಮೇಲೆಯೇ ನಡೆಯುತ್ತಿದ್ದು, 1932ರ ಸುಮಾರಿನಿಂದ ಅಮೆರಿಕಾದಲ್ಲಿ ಗಾಳಿ ತುಂಬಿದ ರಬ್ಬರ್ ಟೈರುಗಳು ಅವುಗಳಿಗೆ ಬಂದುವು. ಗಾಲಿ ಬದಲಾದರೂ ಗಾಲಿಯ ಕೆಲಸವು ಊರಿನಲ್ಲಿಯೇ ಆಗಬೇಕೆಂಬ ಅಭಿಪ್ರಾಯವು ಜಮೀನ್ದಾರರಲ್ಲಿ ಹಾಗೆಯೇ ಉಳಿದಿದೆ. ಅಭಿಪ್ರಾಯವು ಯುಕ್ತವಾದುದೇ. ಆದರೆ ಕಮ್ಮಾರನಿಗೆ ತನ್ನ ಕಸಬು ತಿಳಿದಿತ್ತು. ಟೈರು ಬಿಚ್ಚಲು ಕೂರುವ ಆಳಿಗೆ ಅದನ್ನು ಹೇಳಿಕೊಟ್ಟವರು ಅನೇಕ ಕಡೆಗಳಲ್ಲಿ ಯಾರೂ ಇರುವುದಿಲ್ಲ.

ಬಳ್ಳಾರಿ ಜಾಲಿಯ ಮುಳ್ಳು ಮುಹೂರ್ತ ನೋಡಿ ಚುಚ್ಚುವುದಿಲ್ಲ. ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನವೇ ಪಂಚರಾದರೆ ಬಿತ್ತನೆ ನಿಲ್ಲುವುದು. ಪೇಟೆಯ ಅಂಗಡಿ ದೂರ. ಆಗ ಯಜಮಾನನು, "ಹೇಗಾದರೂ ಮಾಡಿ ಬಿಚ್ಚು" ಎಂದು ಆಳಿಗೆ ಅಪ್ಪಣೆ ಮಾಡುವನು. ಕೈಕಾಲು ಮುರಿಯುವುದಕ್ಕೆ ಈ ಆತುರವೇ ಹಾದಿ. ಆದಕಾರಣ ಯಾವ ಗಾಲಿಯನ್ನು ಮನೆಯಲ್ಲಿ ಬಿಚ್ಚತಕ್ಕದ್ದು, ಯಾವುದನ್ನು ಮುಟ್ಟಕೂಡದು ಎಂಬುದನ್ನು ಯಜಮಾನನು ಮುಂಚೆಯೇ ಗೊತ್ತುಮಾಡಿರಬೇಕು.

ಮುಂದಿನ ಗಾಲಿಯನ್ನು ಮನೆಯಲ್ಲಿ ಬಿಚ್ಚಲು ಯಾವ ಅಡ್ಡಿಯೂ ಇಲ್ಲ. 6.00-16 ಅಳತೆಯ ಟೈರನ್ನು ಇಬ್ಬರು ಸುಲಭವಾಗಿ ನಿಭಾಯಿಸಬಲ್ಲರು. ಗಟ್ಟಿ ನೆಲದಲ್ಲಿ ಯಂತ್ರವನ್ನು ನಿಲ್ಲಿಸಿ, ಹಿಂಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಅನಂತರ ಜಾಕನ್ನು ಹಲಗೆಯ ಮೇಲಿಟ್ಟು ಎತ್ತಬೇಕು. ಎತ್ತಿದ ಕೂಡಲೆ ಅಚ್ಚಿನ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಡುವುದು ಅವಶ್ಯಕ. ಜಾಕನ್ನೊಂದನ್ನೇ ನಂಬಿ ಕೆಳಗೆ ತೂರುವುದು ಮೂರ್ಖತನ. ವಾಲ್ವಿನ ಸೂಜಿಯನ್ನು ತೆಗೆದು ಗಾಳಿ ಪೂರ್ತಿ ಹೋದ ಮೇಲೆಯೇ ಟೈರಿನ ಅಂಚನ್ನು ಮುಟ್ಟತಕ್ಕದ್ದು.

ಈ ಅಂಚಿನ ರಹಸ್ಯವನ್ನು ತಿಳಿಯದೆ ಬಲ ಪ್ರಯೋಗಿಸುವವರೇ ಹೆಚ್ಚು. ಅದರೊಳಗೆ ಉಕ್ಕಿನ ತಂತಿಯ ಬಳೆ ಇದೆ. ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ರಿಮ್ಮಿನ ನಡುವೆ ಕಾಲುವೆಯಂತೆ ತಗ್ಗಾದ ಭಾಗವಿರುವುದು ಇದಕ್ಕಾಗಿಯೇ. ಒಂದು ಕಡೆಯ ಅಂಚನ್ನು ಕಾಲಿನಿಂದ ಮೆಟ್ಟಿ ಆ ತಗ್ಗಿಗೆ ಇಳಿಸಿದರೆ, ಎದುರು ಕಡೆಯಲ್ಲಿ ಅಷ್ಟು ಸಡಿಲು ದೊರೆತು, ಲಿವರಿಗೆ ಅಂಚು ತಾನಾಗಿ ಏರಿ ಬರುವುದು. ಹಾಗೆ ಮಾಡದೆ ಹಾರೆ ಗಡಾರಿಗಳಿಂದ ಮೀಟಿದರೆ ಟ್ಯೂಬು ಹರಿಯುವುದು, ತಂತಿ ಮುರಿಯುವುದು, ಇಲ್ಲವೆ ಹಾರೆ ಸಿಡಿದು ಮುಖಕ್ಕೆ ಬಡಿಯುವುದು. ಲಿವರಿನಿಂದ ಒಂದು ಸಲಕ್ಕೆ ನಾಲ್ಕು ಬೆರಳಿನಷ್ಟು ಮಾತ್ರ ಎತ್ತಬೇಕು. ಅಂಚಿಗೆ ಸಾಬೂನಿನ ನೀರು ಸವರಿದರೆ ಸಾಕು. ಎಂಜಿನ್ ಎಣ್ಣೆಯೂ ಸೀಮೆಎಣ್ಣೆಯೂ ರಬ್ಬರನ್ನು ಕೆಡಿಸುವುವು. ಪೆಟ್ರೋಲನ್ನು ಚಿಮುಕಿಸಿ ಬೆಂಕಿ ಹಚ್ಚಿ ಅಂಚನ್ನು ಕೂರಿಸುವ ಚಮತ್ಕಾರವಂತೂ ಎಂದಿಗೂ ಕೂಡದು. ಹಳೆಯ ಟೈರನ್ನು ತೆಗೆದಾಗ ಒಳಮೈಯನ್ನು ಬಟ್ಟೆಯಿಂದ ಒರೆಸಿ ಮುಳ್ಳನ್ನು ಹುಡುಕಬೇಕು. ಅದನ್ನು ಬಿಟ್ಟವನು ಮರುದಿನವೇ ಮತ್ತೊಮ್ಮೆ ಬಿಚ್ಚುವನು.

ಗಾಳಿ ತುಂಬುವ ವೇಳೆಯೇ ಎಲ್ಲಕ್ಕಿಂತಲೂ ಅಪಾಯದ ವೇಳೆ. ಅಂಚು ಕೂರುವವರೆಗೆ ಒತ್ತಡವು ಚದರ ಅಂಗುಲಕ್ಕೆ 35 ಪೌಂಡನ್ನು ಮೀರಕೂಡದು. ಈ ಅಂಕಿ ಅಲ್ಪವೆಂದು ತೋರಬಹುದು. ಆದರೆ ದೊಡ್ಡ ಟೈರಿನ ಪಕ್ಕವು ಸಾವಿರಕ್ಕೂ ಹೆಚ್ಚು ಚದರ ಅಂಗುಲ ವಿಸ್ತಾರವುಳ್ಳದ್ದು. ಒಂದೊಂದು ಅಂಗುಲಕ್ಕೂ 35 ಪೌಂಡಿನಂತೆ ಲೆಕ್ಕ ಹಾಕಿದರೆ ಹದಿನೈದು ಟನ್ನನ್ನು ಮೀರುವುದು. ಅಂಚು ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸಾಬೂನು ಹಚ್ಚಿ ಮೊದಲಿನಿಂದ ಆರಂಭಿಸಬೇಕು. ತುಂಬುವವನು ಉದ್ದವಾದ ಕೊಳವೆಯನ್ನು ಹಿಡಿದು ದೂರದಲ್ಲಿ ನಿಂತಿರಬೇಕು. ಟೈರಿನ ಪಕ್ಕದ ಎದುರಿಗೆ ಯಾರೂ ನಿಲ್ಲಕೂಡದು. ನೋಡಲು ಸೇರುವ ಮಕ್ಕಳನ್ನು ಮೊದಲೇ ಚದುರಿಸಬೇಕು.

ಟ್ರೇಲರಿನ ಕೆಲವು ಗಾಲಿಗಳಲ್ಲಿ ಟೈರನ್ನು ಹಿಡಿದಿಡಲು ಬೇರೆಯಾದ ಉಕ್ಕಿನ ಉಂಗುರವಿರುವುದು. ಅದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಗುಂಡಿನಂತೆ ಸಿಡಿಯುವುದು. ಅಂಥವನ್ನು ಮನೆಯಲ್ಲಿ ಬಿಚ್ಚಲೇಬಾರದು.

ಇನ್ನು ಹಿಂದಿನ ದೊಡ್ಡ ಗಾಲಿ. 13.6-28 ಅಳತೆಯ ಟೈರಿನೊಳಗೆ ಭಾರಕ್ಕಾಗಿ ನೀರು ತುಂಬಿಸಿದ್ದರೆ, ನೀರೊಂದೇ ನೂರು ಲೀಟರನ್ನು ಮೀರುವುದು. ಡಿಸ್ಕು, ರಿಮ್ಮು ಸೇರಿ ಗಾಲಿಯ ತೂಕ ಎರಡು ಕ್ವಿಂಟಲಿಗೂ ಮೇಲಾಗುವುದುಂಟು. ಅದು ವಾಲಿದರೆ ಹಿಡಿಯಬಲ್ಲ ಮನುಷ್ಯನಿಲ್ಲ. ಇದನ್ನು ಕಳಚುವ ಸಾಹಸಕ್ಕಿಂತ, ಪಂಚರ್ ಅಂಗಡಿಯ ಅನುಭವಸ್ಥನನ್ನೇ ಹೊಲಕ್ಕೆ ಕರೆಸುವುದು ಲೇಸು. ಗಾಲಿ ಯಂತ್ರದಲ್ಲಿರುವಂತೆಯೇ ಹೊರಗಿನ ಅಂಚನ್ನು ಬಿಡಿಸಿ ಟ್ಯೂಬನ್ನು ಎಳೆದು ಸರಿಪಡಿಸುವ ಕ್ರಮವನ್ನು ಅವನು ಬಲ್ಲನು. ಹೊಸ ಟೈರು ಹಾಕಿಸುವಾಗ ಪಟ್ಟೆಗಳ ಮೊನೆ ಮೊದಲು ನೆಲಕ್ಕೆ ತಾಗುವಂತೆ ಇದೆಯೇ ಎಂದು ಯಜಮಾನನೇ ನೋಡಿಕೊಳ್ಳಬೇಕು. ತಿರುಗುಮುರುಗಾದರೆ ಗದ್ದೆಯಲ್ಲಿ ಕೆಸರು ಕಚ್ಚಿಕೊಂಡು ಗಾಲಿ ಜಾರುವುದು.

ಬಿರುಕು ಬಿಟ್ಟ ರಿಮ್ಮಿಗೆ ಟೈರು ಇರುವಂತೆಯೇ ಬೆಸುಗೆ ಹಾಕಿಸುವ ರೂಢಿಯನ್ನು ಪ್ರತ್ಯೇಕವಾಗಿ ಖಂಡಿಸಬೇಕಾಗಿದೆ. ಹಳಿಪಟ್ಟಿಗೆ ಬೆಂಕಿ ಒಪ್ಪುತ್ತಿತ್ತು, ರಬ್ಬರಿಗೆ ಒಪ್ಪದು. ಕಾವಿಗೆ ಒಳಗಿನ ರಬ್ಬರು ಬೆಂದು, ಹತ್ತಿಕೊಳ್ಳುವ ಅನಿಲವಾಗಿ, ಟೈರು ಒಡೆಯುವುದು. ಗಾಳಿ ತೆಗೆದಿದ್ದರೂ ಈ ಅಪಾಯ ತಪ್ಪುವುದಿಲ್ಲ. ಅಂಥ ರಿಮ್ಮನ್ನು ಬದಲಾಯಿಸುವುದೇ ಸರಿ.

"ಇಷ್ಟು ವರ್ಷ ಏನೂ ಆಗಿಲ್ಲ" ಎಂದು ಹೇಳುವ ಯಜಮಾನರುಂಟು. ಲಿವರು ಹಿಡಿಯುವ ಕೈ ಅವರದಲ್ಲವಾದುದರಿಂದ ಆ ಮಾತಿಗೆ ಬೆಲೆ ಕಡಮೆ. ಆಳಿನ ಬಲಗೈ ಹೋದರೆ ಅವನ ಸಂಸಾರವೇ ನಿಂತಂತೆ. ಒಳ್ಳೆಯ ಜಾಕು, ಮೂರು ಲಿವರು, ಒತ್ತಡದ ಮಾಪಕ, ಕಚ್ಚಿ ಹಿಡಿಯುವ ಮೂತಿಯುಳ್ಳ ಉದ್ದ ಕೊಳವೆ, ಇಷ್ಟಕ್ಕೆ ತಗಲುವ ಖರ್ಚು ಹಿಂಗಾಲಿಯ ಒಂದು ಹೊಸ ಟೈರಿನ ಬೆಲೆಯಷ್ಟೂ ಆಗದು. ಒಬ್ಬೊಬ್ಬರೂ ಕೊಳ್ಳಲಾರದಿದ್ದರೆ ಗ್ರಾಮದ ಸಹಕಾರ ಸಂಘವು ಒಂದು ಜೊತೆಯನ್ನು ಇಟ್ಟುಕೊಂಡು ಬಾಡಿಗೆಗೆ ಕೊಡಬಹುದು. ಮುಂಗಾರಿಗೆ ಮುಂಚಿನ ಬಿಡುವಿನಲ್ಲಿ, ಒಂದು ಹಳೆಯ ಟೈರನ್ನು ಇಟ್ಟುಕೊಂಡು ಊರಿನ ಚಾಲಕರೆಲ್ಲರಿಗೂ ಅಭ್ಯಾಸ ಮಾಡಿಸಲು ಪಂಚರ್ ಅಂಗಡಿಯವನಿಗೆ ಒಂದು ದಿನದ ಕೂಲಿ ಕೊಟ್ಟರೆ ಸಾಕು. ಈ ಏರ್ಪಾಡನ್ನು ಗ್ರಾಮದ ಮುಖಂಡರು ವಹಿಸಿಕೊಳ್ಳಬೇಕು.