ಹಿಂದೆ ಕೂತ ಪಿಕಪ್‌ಗೆ ಇನ್ನೊಂದು ಪ್ಲೇಟ್ ಹಾಕಿಸಿದರೆ ಸಾಕಾ? ಮಿಕ್ಸರ್ ಎಳೆಯುವ ಗಾಡಿಗಳ ಅಸಲಿ ಲೆಕ್ಕ

ಹಾಸನ: ಸಂಕ್ರಾಂತಿ ಕಳೆದು ಮಳೆ ಹಿಡಿಯುವವರೆಗೂ ಜಿಲ್ಲೆಯಲ್ಲಿ ಮೋಲ್ಡ್ ಹಾಕುವ ಕಾಲ. ಬೆಳಗ್ಗೆ ಬೇಗ ಎದ್ದು ಬಿ.ಎಂ. ರಸ್ತೆ ಕಡೆ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಒಂದು ಪಿಕಪ್, ಅದರ ಬಾಡಿಯಲ್ಲಿ ಹತ್ತು ಹನ್ನೆರಡು ಕೆಲಸಗಾರರು, ಅವರ ಕಾಲಡಿ ಬಾಂಡ್ಲಿ, ಸಲಿಕೆ, ವೈಬ್ರೇಟರ್, ಲಿಫ್ಟಿನ ಕಬ್ಬಿಣ. ಹಿಂದೆ ಹುಕ್ಕಿಗೆ ಕಟ್ಟಿದ ಮಿಕ್ಸರ್ ಮಷಿನ್. ಗಾಡಿಯ ಮೂತಿ ಮೇಲಕ್ಕೆ, ಹಿಂಭಾಗ ನೆಲಕ್ಕೆ. ಹಂಪ್ ಬಂದರೆ ಹುಕ್ಕು ಡಾಂಬರಿಗೆ ಉಜ್ಜುವಷ್ಟು ಕೂತಿರುತ್ತೆ.

ಚನ್ನರಾಯಪಟ್ಟಣ ಇರಲಿ, ಅರಸೀಕೆರೆ ಇರಲಿ, ಸಕಲೇಶಪುರ ಇರಲಿ, ಇದಕ್ಕೆ ಸಿಗುವ ಪರಿಹಾರ ಹೆಚ್ಚುಕಮ್ಮಿ ಒಂದೇ: "ಇನ್ನೊಂದು ಪ್ಲೇಟ್ ಹಾಕಿಸಿಬಿಡಿ." ಅರ್ಧ ದಿನದ ಕೆಲಸ, ಕಡಿಮೆ ಖರ್ಚು. ಗಾಡಿ ಎದ್ದು ನಿಲ್ಲುತ್ತೆ, ಮಾಲೀಕನಿಗೆ ಸಮಾಧಾನ. ಆದರೆ ಎದ್ದು ನಿಂತಿದ್ದು ಬಾಡಿ ಅಷ್ಟೇ. ಆಕ್ಸಲ್, ಬೇರಿಂಗ್, ಟೈರು, ಬ್ರೇಕು ಹೊರುತ್ತಿರುವ ಭಾರ ಒಂದು ಕೆಜಿಯೂ ಇಳಿದಿರಲ್ಲ. ಈ ವ್ಯತ್ಯಾಸ ತಿಳಿಯದೇ ಹೋದರೆ ಅದರ ಬೆಲೆ ತೆರುವವರು ಬಾಡಿಯಲ್ಲಿ ಕೂತ ಕೆಲಸಗಾರರು.

ಭಾರ ಎಲ್ಲಿ ಬೀಳುತ್ತೆ?

ಒಂದು ಸಾದಾ ಲೆಕ್ಕ ಹಾಕೋಣ. ಆರ್‌ಸಿ ಪ್ರಕಾರ 1,500 ಕೆಜಿ ಹೊರಬಹುದಾದ ಪಿಕಪ್ ಇದೆ ಎಂದುಕೊಳ್ಳಿ. 12 ಜನ, ತಲಾ 60 ಕೆಜಿ ಅಂದರೆ 720. ಲಿಫ್ಟಿನ ಕಬ್ಬಿಣ, ಹಲಗೆ, ಸಾಮಾನು ಸೇರಿ 300. ಸೈಟಿಗೆ ಕಡಿಮೆ ಬಿದ್ದಿದೆ ಅಂತ ದಾರಿಯಲ್ಲಿ ಹೇರಿಕೊಂಡ 10 ಮೂಟೆ ಸಿಮೆಂಟು, 500. ಇಲ್ಲಿಗೇ 1,520 ಆಯ್ತು. ಮಿಕ್ಸರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

"ಮಿಕ್ಸರ್ ತನ್ನ ಚಕ್ರದ ಮೇಲೆ ತಾನು ಬರುತ್ತೆ, ಅದರ ಭಾರ ಗಾಡಿಗೆ ಯಾಕೆ?" ಅನ್ನುವವರು ಬಹಳ. ನಾಲ್ಕು ಚಕ್ರದ ಮಷಿನ್ ಆದರೆ ಆ ಮಾತು ಬಹುಮಟ್ಟಿಗೆ ನಿಜ, ಹುಕ್ಕಿನ ಮೇಲೆ ಭಾರ ಕಡಿಮೆ, ಎಳೆತವೇ ಜಾಸ್ತಿ. ಎರಡು ಚಕ್ರದ ಮಷಿನ್ ಹಾಗಲ್ಲ. ಅದರ ಮುಂಭಾಗದ ಭಾರ ಎಳೆಯುವ ರಾಡಿನ ಮೂಲಕ ನೇರ ಹುಕ್ಕಿನ ಮೇಲೆ ಕೂರುತ್ತೆ. ಹುಕ್ಕು ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಹಾಗಾಗಿ ಅಲ್ಲಿ ಬಿದ್ದ ಭಾರ ಏತದ ಹಾಗೆ ಕೆಲಸ ಮಾಡುತ್ತೆ.

ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಹುಕ್ಕಿಗೆ 1.2 ಮೀಟರ್ ಇದ್ದರೆ, ಹುಕ್ಕಿನ ಮೇಲೆ ಬಿದ್ದ 150 ಕೆಜಿ ಹಿಂದಿನ ಆಕ್ಸಲ್‌ಗೆ 210 ಕೆಜಿಯಾಗಿ ತಗಲುತ್ತೆ. ಹೆಚ್ಚುವರಿ 60 ಕೆಜಿ ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಅಂದರೆ ಹಿಂದೆ ಭಾರ ಏರಿದಷ್ಟೂ ಮುಂದೆ ಹಗುರಾಗುತ್ತೆ. ಸ್ಟೇರಿಂಗ್ ತಿರುಗಿಸುವುದು ಮುಂದಿನ ಚಕ್ರ, ಬ್ರೇಕ್ ಹೊಡೆದಾಗ ಹೆಚ್ಚು ಹಿಡಿಯಬೇಕಾದ್ದೂ ಮುಂದಿನ ಚಕ್ರವೇ. ಲೋಡ್ ಆದಾಗ "ಸ್ಟೇರಿಂಗ್ ಹಗುರ ಆಗಿದೆ" ಅಂತ ಡ್ರೈವರ್‌ಗೆ ಅನ್ನಿಸಿದರೆ ಖುಷಿಪಡುವ ಸಂಗತಿಯಲ್ಲ ಅದು.

ರಾತ್ರಿ ಹೊತ್ತು ಇನ್ನೊಂದು ತೊಂದರೆ. 3 ಮೀಟರ್ ಉದ್ದದಲ್ಲಿ ಹಿಂಭಾಗ 5 ಸೆಂಟಿಮೀಟರ್ ಕೂತರೆ, 30 ಮೀಟರ್ ದೂರದಲ್ಲಿ ಹೆಡ್‌ಲೈಟ್ ಬೆಳಕು ಸುಮಾರು ಅರ್ಧ ಮೀಟರ್ ಮೇಲೇರುತ್ತೆ. ಡ್ರೈವರ್ ಡಿಮ್ ಮಾಡಿಯೇ ಇರ್ತಾನೆ, ಎದುರಿನ ಬೈಕ್‌ನವನ ಕಣ್ಣಿಗೆ ಮಾತ್ರ ಅದು ಡಿಪ್ ಮಾಡದ ಲೈಟೇ.

ಕೂತಿರುವುದು ಪ್ಲೇಟೇನಾ?

ಹಿಂಭಾಗ ಕೂತ ಗಾಡಿಗಳಲ್ಲೆಲ್ಲ ರೋಗ ಒಂದೇ ಅಲ್ಲ. ಗ್ಯಾರೇಜಿಗೆ ಹೋಗುವ ಮೊದಲೇ ಮಾಲೀಕ ತಾನೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಖಾಲಿ ಇರುವಾಗ ಹಿಂದಿನ ಎರಡೂ ಚಕ್ರದ ನಡುಮಧ್ಯದಿಂದ ಬಾಡಿಯ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳುವುದು. ಆಮೇಲೆ ಮಿಕ್ಸರ್ ಕಟ್ಟಿ, ಲೋಡ್ ಹಾಕಿ ಮತ್ತೆ ಅಳೆಯುವುದು.

ಖಾಲಿ ಗಾಡಿ ಸರಿಯಾಗಿ ನಿಂತು, ಲೋಡ್ ಆದಾಗ ಮಾತ್ರ ವಿಪರೀತ ಕೂತರೆ ಪ್ಲೇಟಿನ ತಪ್ಪಿಲ್ಲ, ಭಾರದ್ದು ತಪ್ಪು. ಖಾಲಿ ಇದ್ದಾಗಲೂ ಎರಡೂ ಕಡೆ ಕೂತಿದ್ದರೆ ಕಮಾನು ಬಾಗು ಕಳೆದುಕೊಂಡಿದೆ, ಪ್ಲೇಟ್ ಸೋತಿದೆ. ಒಂದೇ ಕಡೆ ಕೂತಿದ್ದರೆ ಆ ಕಡೆ ಪ್ಲೇಟ್ ಕಟ್ ಆಗಿರಬಹುದು, ಶಾಕಲ್ ಬುಷ್ ಸವೆದಿರಬಹುದು, ಸೆಂಟರ್ ಬೋಲ್ಟ್ ಮುರಿದಿರಬಹುದು. ಸೆಂಟರ್ ಬೋಲ್ಟ್ ಮುರಿದರೆ ಆಕ್ಸಲ್ಲೇ ಹಿಂದೆ ಮುಂದೆ ಸರಿದು ಗಾಡಿ ಓರೆಯಾಗಿ ಓಡುತ್ತೆ. ಇಂಥ ಗಾಡಿಗೆ ಹೊಸ ಪ್ಲೇಟ್ ಸೇರಿಸಿದರೆ ಹಣವೂ ಹೋಯ್ತು, ರೋಗವೂ ಉಳೀತು.

ಶಾಕ್ ಅಬ್ಸಾರ್ಬರ್ ಬದಲಿಸಿದರೆ ಗಾಡಿ ಎತ್ತರ ಆಗುತ್ತೆ ಅನ್ನುವ ನಂಬಿಕೆಯೂ ಇದೆ. ಪ್ಲೇಟ್ ಸೆಟ್ ಇರುವ ಗಾಡಿಯಲ್ಲಿ ಭಾರ ಹೊರುವುದು ಪ್ಲೇಟು. ಶಾಕ್ ಅಬ್ಸಾರ್ಬರ್ ಕೆಲಸ ಕುಲುಕಾಟ ತಡೆಯುವುದು. ಅದು ಸೋತಿದ್ದರೆ ಬದಲಿಸಲೇಬೇಕು, ಆದರೆ ಎತ್ತರ ಬರಲ್ಲ.

ಗ್ಯಾರೇಜಿನ ನಾಲ್ಕು ದಾರಿ

ಮೊದಲನೆಯದು, ಹಳೇ ಪ್ಲೇಟನ್ನೇ ಬಿಚ್ಚಿ ಬಡಿದು ಮತ್ತೆ ಬಾಗು ಕೊಡುವುದು. ಅತಿ ಅಗ್ಗ. ಪ್ಲೇಟ್ ಹದ ಮಾಡಿದ ಸ್ಪ್ರಿಂಗ್ ಸ್ಟೀಲ್. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ, ಸರಿಯಾಗಿ ಮತ್ತೆ ಹದ ಕೊಡದೆ ಹಾಗೇ ಹಾಕಿದರೆ ಒಂದೋ ಬೇಗ ಮತ್ತೆ ಕೂರುತ್ತೆ, ಇಲ್ಲಾ ಮುರಿಯುತ್ತೆ. ಸೋತ ಲೋಹದ ಆಯಸ್ಸು ಬಡಿದರೆ ವಾಪಸ್ ಬರಲ್ಲ.

ಎರಡನೆಯದು, ಹೆಚ್ಚುವರಿ ಪ್ಲೇಟ್. ಹಳೇ ಸೆಟ್ಟಿನ ಜೊತೆ ಒಂದು ಹೊಸ ಪ್ಲೇಟ್ ಸೇರಿಸಿದಾಗ ಗಟ್ಟಿ ಇರುವುದು ಅದೊಂದೇ ಆದ್ದರಿಂದ ತನ್ನ ಪಾಲಿಗಿಂತ ಹೆಚ್ಚು ಭಾರ ಅದೇ ಹೊರುತ್ತೆ. ಹಳೇ ಯು ಬೋಲ್ಟ್ ಉದ್ದ ಸಾಲದೆ ನಟ್ಟು ತುದಿಯಲ್ಲಿ ಹಿಡಿದಿದ್ದರಂತೂ ಅಪಾಯ ಕಟ್ಟಿಟ್ಟದ್ದು. ಖಾಲಿ ಓಡುವಾಗ ಹಿಂಭಾಗ ಕುಪ್ಪಳಿಸುತ್ತೆ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅಂತ ತೀರ್ಮಾನಿಸುವ ವಾಲ್ವ್ ಇರುತ್ತೆ. ಬಾಡಿಗೂ ಆಕ್ಸಲ್‌ಗೂ ನಡುವಿನ ಅಂತರ ನೋಡಿ ಅದು ಕೆಲಸ ಮಾಡುತ್ತೆ. ಬಾಡಿ ಇಳಿದರೆ ಲೋಡ್ ಇದೆ ಅಂತ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತೆ. ಪ್ಲೇಟ್ ಸೇರಿಸಿ ಬಾಡಿ ಇಳಿಯದಂತೆ ಮಾಡಿದರೆ, ಗಾಡಿ ತುಂಬಿದ್ದರೂ ವಾಲ್ವ್‌ಗೆ ಅದು ಖಾಲಿ ಗಾಡಿಯೇ. ಭಾರ ಇರುವ ಕಡೆಯೇ ಬ್ರೇಕ್ ಕಡಿಮೆ. ಪ್ಲೇಟಿನ ಕೆಲಸ ಮಾಡಿಸಿದವರು ಈ ವಾಲ್ವ್ ಸೆಟ್ಟಿಂಗ್ ನೋಡಿದ್ದೀರಾ ಅಂತ ಮೆಕ್ಯಾನಿಕ್‌ನ ಕೇಳಲೇಬೇಕು.

ಮೂರನೆಯದು, ಪ್ಲೇಟಿನ ಮೇಲೆ ಕೂರಿಸುವ ರಬ್ಬರ್ ಅಥವಾ ಗಾಳಿ ತುಂಬುವ ಬಲೂನು. ಲೋಡ್ ಆದಾಗ ಮಾತ್ರ ಕೆಲಸಕ್ಕೆ ಬರುತ್ತವೆ, ಖಾಲಿ ಓಡಾಟ ಅಷ್ಟು ಕೆಡುವುದಿಲ್ಲ. ಆದರೆ ವಾಲ್ವಿನ ಸಮಸ್ಯೆ ಇಲ್ಲೂ ಇದೆ, ಆಕ್ಸಲ್ ತಾಕತ್ತು ಇಲ್ಲೂ ಹೆಚ್ಚಲ್ಲ.

ನಾಲ್ಕನೆಯದು, ಕಂಪನಿ ಹೇಳಿದ ಅಳತೆಯ ಪೂರ್ತಿ ಸೆಟ್ಟನ್ನು ಎರಡೂ ಕಡೆ ಒಟ್ಟಿಗೆ ಬದಲಿಸುವುದು. ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಕೂಡ ಹೊಸವು. ಒಂದಿಷ್ಟು ದಿನ ಓಡಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸುವುದು. ಖರ್ಚು ಜಾಸ್ತಿ, ಆದರೆ ಗಾಡಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುವುದು ಈ ದಾರಿಯಲ್ಲಿ ಮಾತ್ರ. ಹೊಸ ಸೆಟ್ಟೂ ಕೆಲವೇ ತಿಂಗಳಲ್ಲಿ ಕೂತರೆ ಉತ್ತರ ಸಿಕ್ಕಿದ ಹಾಗೆ: ಗಾಡಿ ಸರಿ ಇದೆ, ಕೆಲಸ ಗಾಡಿಗೆ ಮೀರಿದ್ದು.

ಕಾಯ್ದೆ ಕಾಗದದಲ್ಲಿದೆ, ತಪಾಸಣೆ ಖಾಲಿ ಗಾಡಿಗೆ

ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರ ತಿದ್ದುಪಡಿ ನಂತರ ಕಠಿಣವಾಗಿದೆ. ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000. ಜೊತೆಗೆ ಹೆಚ್ಚುವರಿ ಲೋಡ್ ಇಳಿಸುವ ಖರ್ಚೂ ಗಾಡಿಯವರದ್ದೇ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವುದನ್ನು 52ನೇ ಕಲಂ ತಡೆಯುತ್ತೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಪ್ಲೇಟ್ ಎಷ್ಟು ಸೇರಿಸಿದರೂ ಆರ್‌ಸಿಯಲ್ಲಿರುವ ತೂಕದ ಮಿತಿ ಅಷ್ಟೇ ಇರುತ್ತೆ.

ಎಳೆಯುವ ಮಿಕ್ಸರ್ ಕಥೆ ಇನ್ನೂ ವಿಚಿತ್ರ. ಮೋಟಾರು ವಾಹನ ಎಳೆಯುವ ಯಾವುದೇ ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರ್. ಆದರೆ ರಸ್ತೆಯಲ್ಲಿ ಕಾಣುವ ಮಿಕ್ಸರ್‌ಗಳಲ್ಲಿ ಹೆಚ್ಚಿನವಕ್ಕೆ ನಂಬರ್ ಇಲ್ಲ, ಬ್ರೇಕ್ ಇಲ್ಲ, ಹಿಂದೆ ಕೆಂಪು ದೀಪವೂ ಇಲ್ಲ. ಬ್ರೇಕ್ ಇಲ್ಲದ ಒಂದೂವರೆ ಟನ್ ಮಷಿನ್ನನ್ನು 3 ಟನ್ ಗಾಡಿಗೆ ಕಟ್ಟಿದರೆ, 3 ಟನ್ನಿನ ಬ್ರೇಕು ನಾಲ್ಕೂವರೆ ಟನ್ ನಿಲ್ಲಿಸಬೇಕು. 20 ಮೀಟರ್‌ನಲ್ಲಿ ನಿಲ್ಲುತ್ತಿದ್ದದ್ದು ಹೆಚ್ಚುಕಮ್ಮಿ 30 ಮೀಟರ್ ಕೇಳುತ್ತೆ. ಸಕಲೇಶಪುರದ ಎಸ್ಟೇಟ್ ರಸ್ತೆಗಳ ಇಳಿಜಾರಿನಲ್ಲಿ ಆ 10 ಮೀಟರ್ ಅಂದರೆ ಏನು ಅಂತ ಅಲ್ಲಿ ಗಾಡಿ ಓಡಿಸುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೆ ಎಫ್‌ಸಿ ವೇಳೆ ಇದು ಯಾಕೆ ಸಿಕ್ಕಿಬೀಳಲ್ಲ? ಸರಕು ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಕಡ್ಡಾಯ. ಆದರೆ ತಪಾಸಣೆಗೆ ಗಾಡಿ ಹೋಗುವುದು ತೊಳೆದು, ಖಾಲಿಯಾಗಿ, ಮಿಕ್ಸರ್ ಬಿಚ್ಚಿಟ್ಟು. ಪ್ಲೇಟ್ ಹಾಕಿಸಿದ ಗಾಡಿ ಅಲ್ಲಿ ಎದೆ ಎತ್ತಿಯೇ ನಿಲ್ಲುತ್ತೆ. ಕೆಎ-13 ಇರಲಿ, ಕೆಎ-46 ಇರಲಿ, ಗಾಡಿಯ ನಿಜ ಬಣ್ಣ ತಿಳಿಯುವುದು ಬೆಳಗಿನ ಆರರಿಂದ ಎಂಟರೊಳಗೆ ರಸ್ತೆಯಲ್ಲಿ. ತಪಾಸಣೆ ಆಗಬೇಕಾದ್ದೂ ಆ ಹೊತ್ತಲ್ಲೇ.

ಅಪಘಾತ ಆದ ಮೇಲೆ ವಿಮೆಯ ಪ್ರಶ್ನೆ ಏಳುತ್ತೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಬಾಡಿಯಲ್ಲಿದ್ದವರು ಪ್ರಯಾಣಿಕರಾ, ಸಾಮಾನಿನ ಜೊತೆ ಹೋಗುತ್ತಿದ್ದ ಕೆಲಸಗಾರರಾ ಅನ್ನುವ ವಾದದಲ್ಲೇ ವರ್ಷಗಳು ಉರುಳುತ್ತವೆ. ಕಾರ್ಮಿಕ ಕಾರ್ಡ್ ಇದ್ದವರ ಮನೆಯವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬಹುದು. ಕಾರ್ಡೇ ಮಾಡಿಸದವರಿಗೆ ಆ ದಾರಿಯೂ ಇಲ್ಲ.

ತಪ್ಪು ಬರೀ ಡ್ರೈವರ್‌ದಾ?

ಎಲ್ಲಾ ಡ್ರೈವರ್ ತಲೆಗೆ ಕಟ್ಟುವುದು ಸುಲಭ. ಮೋಲ್ಡ್ ಕೆಲಸದ ದರ ಮಾತಾಡುವಾಗ ಮನೆ ಮಾಲೀಕ ಚದರಕ್ಕೆ ಇಷ್ಟು ಅಂತ ಒಂದೇ ಮೊತ್ತಕ್ಕೆ ಬಗೆಹರಿಸುತ್ತಾನೆ. ಮಷಿನ್, ಆಳು, ಸಾಮಾನು ಸಾಗಿಸುವ ಖರ್ಚೆಲ್ಲ ಅದರೊಳಗೇ. ಎರಡು ಗಾಡಿ ತಂದರೆ ಮೇಸ್ತ್ರಿಗೆ ಉಳಿಯುವುದು ಕಡಿಮೆ. ಎರಡು ಟ್ರಿಪ್ ಹೊಡೆದರೆ ಬೆಳಗಿನ ತಂಪು ಹೊತ್ತು ಹೋಗುತ್ತೆ. ಹೀಗಾಗಿ ಎಲ್ಲ ಭಾರವೂ ಒಂದೇ ಹುಕ್ಕಿಗೆ, ಒಂದೇ ಆಕ್ಸಲ್‌ಗೆ ಬರುತ್ತೆ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಕಿಲ್ಲ. ಮಷಿನ್ ಹಿಂದಿನ ದಿನವೇ ಬೇರೆಯಾಗಿ ಸೈಟಿಗೆ ಹೋದರೆ ಅರ್ಧ ಸಮಸ್ಯೆ ಕಡಿಮೆ. ಆಳುಗಳು ಬಸ್ಸಿಗೋ ಟೆಂಪೋಗೋ ಬಂದರೆ ಇನ್ನರ್ಧವೂ ಕಡಿಮೆ. ಆ ಖರ್ಚನ್ನು ದರದಲ್ಲಿ ಬೇರೆಯಾಗಿ ತೋರಿಸಿ ಕೇಳಿದರೆ, ಲಕ್ಷಗಟ್ಟಲೆ ಸುರಿದು ಮನೆ ಕಟ್ಟುವವರು ಕೊಡದೇ ಇರಲಾರರು. ಎಳೆಯಲೇಬೇಕು ಅಂದರೆ ಬಾಡಿ ಖಾಲಿ ಇಟ್ಟು, ಇರುವ ಸಾಮಾನನ್ನು ಕ್ಯಾಬಿನ್ ಕಡೆಗೆ ಜೋಡಿಸಿ, ನಿಧಾನವಾಗಿ ಹಗಲಲ್ಲೇ ಎಳೆಯಬೇಕು. ಹುಕ್ಕಿನ ಪಿನ್ ಜೊತೆ ಸರಪಳಿಯನ್ನೂ ಕಟ್ಟಬೇಕು, ಮಿಕ್ಸರ್ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಬೇಕು.

ಪ್ಲೇಟ್ ಹಾಕಿಸಲು ಗ್ಯಾರೇಜಿಗೆ ಹೋಗುವ ಮೊದಲು ಮಾಲೀಕರು ಒಮ್ಮೆ ವೇಬ್ರಿಡ್ಜ್ ಹತ್ತಿಸಲಿ. ದಿನಾ ಹೋಗುವ ಹಾಗೇ ಲೋಡ್ ಮಾಡಿ, ಮಿಕ್ಸರ್ ಕಟ್ಟಿ, ಹಿಂದಿನ ಆಕ್ಸಲ್‌ನ ಚಕ್ರಗಳನ್ನು ಮಾತ್ರ ತಕ್ಕಡಿ ಮೇಲೆ ನಿಲ್ಲಿಸಿ ತೂಕ ತೆಗೆಸಲಿ. ಆ ಚೀಟಿಯನ್ನು ಗಾಡಿಯ ಪುಸ್ತಕದಲ್ಲಿ ಕೊಟ್ಟಿರುವ ಹಿಂದಿನ ಆಕ್ಸಲ್ ಮಿತಿಯ ಪಕ್ಕ ಇಟ್ಟು ನೋಡಲಿ. ತೂಕ ಮಿತಿಯೊಳಗಿದ್ದರೆ ಹೊಸ ಸೆಟ್ ಹಾಕಿಸಿ ನೆಮ್ಮದಿಯಾಗಿರಬಹುದು. ಮಿತಿ ದಾಟಿದ್ದರೆ ಮಾತಾಡಬೇಕಾದ್ದು ಮೆಕ್ಯಾನಿಕ್ ಜೊತೆ ಅಲ್ಲ, ಮೇಸ್ತ್ರಿ ಜೊತೆ.