ಕೆರೆ ಎಲ್ಲಿಗೆ ಹೋಯಿತು?

ಮಗಳ ಮನೆಯಿಂದ ಊರಿಗೆ ಹೊರಟ ದಿನ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಅಳಿಯ ನನ್ನ ಫೋನಿಗೆ ಹತ್ತೊಂಬತ್ತನೆಯ ಶತಮಾನದ ಸರ್ವೆ ನಕ್ಷೆಯೊಂದನ್ನು ಹಾಕಿಕೊಟ್ಟಿದ್ದರು. ಅದನ್ನು ಇವತ್ತಿನ ನಕ್ಷೆಯ ಮೇಲೆ ಹಾಸಿದರೆ ನಾವು ನಿಂತ ಜಾಗ ಚುಕ್ಕೆಯಾಗಿ ಕಾಣುತ್ತದೆ. ನನ್ನ ಚುಕ್ಕೆ ಧರ್ಮಾಂಬುಧಿ ಕೆರೆಯಲ್ಲಿತ್ತು. "ಅಮ್ಮಾ, ಮುಳುಗಿಹೋದೆಯಲ್ಲ!" ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಹಳೆಯ ನಕ್ಷೆ ಹಿಡಿದು ಪೇಟೆ ಸುತ್ತುವುದು ಈಗ ಕೆಲವರಿಗೆ ಹವ್ಯಾಸ. ಹಲಸೂರು ಗೇಟಿನಲ್ಲಿ ಬಾಗಿಲಿತ್ತಂತೆ, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತಂತೆ! ಒಂದು ಫೋಟೋ, ಒಂದು ದೋಸೆ, ಆಮೇಲೆ ಮನೆ. ಸುತ್ತಲಿ, ಬೇಡವೆನ್ನುವುದಿಲ್ಲ. ನನ್ನ ತಕರಾರು ಈ 'ಅಂತೆ'ಯ ಮೇಲೆ. "ಕೆರೆ ಹೋಯಿತು" ಎನ್ನುತ್ತೇವೆ. ಎದ್ದು ಹೋಗಲು ಕೆರೆಗೇನು ಕಾಲಿದೆಯೇ? ಮುಚ್ಚಿದವರು ಯಾರೆಂದು ಹೇಳದೆ ತಪ್ಪಿಸಿಕೊಳ್ಳಲು ಕಲಿತ ವಾಕ್ಯ ಅದು. ಮುಚ್ಚಿದ್ದು ನಾವು. ಅಪ್ಪಣೆ ಕೊಟ್ಟವರು, ಮಣ್ಣು ಸುರಿದವರು, ಸೈಟು ಸಿಕ್ಕಿತೆಂದು ಪೇಡ ಹಂಚಿದವರು, ಎಲ್ಲರೂ.

ಆಳಲು ಬಂದ ಪರದೇಶಿಯರು ತಮ್ಮ ಅನುಕೂಲಕ್ಕೇ ಊರನ್ನು ಅಳೆದರು, ನಿಜ. ಆದರೂ ಕೆರೆಯನ್ನು ಕೆರೆಯೆಂದೇ ಬರೆದರು. ಊರಿನ ಮಕ್ಕಳಾದ ನಾವು ಅದನ್ನು ಅಳಿಸಿದೆವು. ಊರು ಬೆಳೆಯಬೇಡವೇ ಎಂದು ಕೇಳುವವರಿದ್ದಾರೆ. ಬೆಳೆಯಲಿ. ಆದರೆ ಮನೆ ಮುಂದಿನ ನೀರನ್ನು ಮುಚ್ಚಿ, ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದು ಕುಡಿಯುವುದನ್ನು ಯಾವ ಗೃಹಿಣಿ ಜಾಣತನವೆಂದಾಳು? ಮಳೆ ಬಂದಾಗ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬರುತ್ತದೆ. ಅದಕ್ಕೆ ನಕ್ಷೆ ಬೇಕಿಲ್ಲ.

ಇದು ಬೆಂಗಳೂರಿನ ಪಾಡು, ನಮಗೇನು ಎನ್ನಬೇಡಿ. ನಮ್ಮ ಊರುಗಳಿಗೂ ಗ್ರಾಮನಕಾಶೆಗಳಿವೆ, ಫೋನಿನಲ್ಲೂ ಸಿಗುತ್ತವೆ. ಕೆರೆ, ಹಳ್ಳ, ಕಾಲುದಾರಿ ಅವುಗಳಲ್ಲಿ ಕಾಣುತ್ತವೆ. ಸೈಟು ಕೊಳ್ಳುವ ಮೊದಲು ವಾಸ್ತು ನೋಡಿಸುವ ನಾವು ಈ ನಕಾಶೆಯನ್ನೊಮ್ಮೆ ನೋಡಬಾರದೇ?

ಊರಿಗೆ ಬಂದ ಮೇಲೆ ಎಂಟನೇ ತರಗತಿಯ ಮಕ್ಕಳನ್ನು ನಕಾಶೆಯೊಂದಿಗೆ ಕೆರೆಯ ಕಡೆಗೆ ಕರೆದುಕೊಂಡು ಹೋದೆ. ಏರಿಯ ಬದಿಯಲ್ಲಿ ಹೊಸ ಕಲ್ಲುಗಳನ್ನು ನೆಟ್ಟಿದ್ದರು. "ಟೀಚರ್, ನಕಾಶೆಯಲ್ಲಿ ಇದು ನೀರಿನ ಜಾಗ, ಕಲ್ಲು ನೆಟ್ಟವರು ಯಾರು?" ಎಂದು ಒಬ್ಬಳು ಕೇಳಿದಳು. ಅವಳು 'ಇತ್ತಂತೆ' ಎನ್ನಲಿಲ್ಲ. ಆ ಪ್ರಶ್ನೆಯನ್ನೇ ಅರ್ಜಿಯಾಗಿ ಬರೆಸಿ, ಎಲ್ಲರ ಸಹಿ ಹಾಕಿಸಿ, ತಾಲ್ಲೂಕು ಕಚೇರಿಗೆ ಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತೇವೆ.