ಕೆಡವುವ ಮೊದಲು ಕರಾರು ಬರೆದುಕೊಡಿ

ಬಳ್ಳಾರಿಯ ಹಳೆಯ ಸರ್ಕಾರಿ ಮನೆಗಳ ವಿಚಾರವಾಗಿ ಬ್ರೂಸ್‌ಪೇಟೆಯ ನಾಗರಿಕರಲ್ಲಿ ಮನವಿ



ಸರ್ಕಾರ ಬಡವರಿಗೆ ಕಟ್ಟಿಸಿದ ಮನೆಗೆ ವಯಸ್ಸಾದರೆ ಅದನ್ನು ನೋಡಿಕೊಳ್ಳುವವರು ಯಾರು? ಕಟ್ಟುವಾಗ ಯೋಜನೆ ಇರುತ್ತದೆ, ಗುದ್ದಲಿ ಪೂಜೆ ಇರುತ್ತದೆ, ಗೋಡೆಗೆ ಹೆಸರು ಕೆತ್ತಿದ ಕಲ್ಲೂ ಇರುತ್ತದೆ. ಇಪ್ಪತ್ತು ವರ್ಷ ಕಳೆದು ಚಾವಣಿಯ ಸಿಮೆಂಟು ಉದುರಿ ಕಬ್ಬಿಣ ಕಾಣಿಸಿಕೊಂಡಾಗ ಮಾತ್ರ ಆ ಮನೆಯ ಹೆಸರಿನಲ್ಲಿ ಒಂದು ರೂಪಾಯಿಯೂ ಯಾವ ಬಜೆಟ್‌ನಲ್ಲೂ ಇರುವುದಿಲ್ಲ. ಕಟ್ಟಿದ ಇಲಾಖೆ ಒಂದು, ತೆರಿಗೆ ಕೇಳುವ ಕಚೇರಿ ಇನ್ನೊಂದು, ನೀರು ಬಿಡುವವರು ಮತ್ತೊಬ್ಬರು. ಮನೆ ಸೋರುತ್ತಲೇ ಇರುತ್ತದೆ. ಕೊನೆಗೊಂದು ದಿನ ಎಂಜಿನಿಯರ್ ಬಂದು "ಕಟ್ಟಡ ಅಪಾಯಕಾರಿ" ಎಂದು ಬರೆದು ಹೋಗುತ್ತಾರೆ. ಅಲ್ಲಿಂದ ಮುಂದೆ ಮಾತು ರಿಪೇರಿಯದ್ದಲ್ಲ, ಖಾಲಿ ಮಾಡಿಸುವುದರದ್ದು.

ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬೆಂಗಳೂರಿನ ಈಜಿಪುರ ತೋರಿಸಿದೆ. ಕೋರಮಂಗಲದ ಪಕ್ಕದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ಕಟ್ಟಿದ ವಸತಿಗೃಹಗಳು ಕೆಲವೇ ವರ್ಷಗಳಲ್ಲಿ ಶಿಥಿಲವಾದವು, ಕೆಲವು ಬ್ಲಾಕ್‌ಗಳು ಕುಸಿದೂ ಬಿದ್ದವು. ಅಲ್ಲಿನ ಪಾಲಿಕೆ, ಜಾಗದ ಅರ್ಧವನ್ನು ವಾಣಿಜ್ಯ ಬಳಕೆಗೆ ಕೊಟ್ಟು ಉಳಿದರ್ಧದಲ್ಲಿ ಬಡವರಿಗೆ ಮನೆ ಕಟ್ಟಿಸಿಕೊಳ್ಳುವ ಒಪ್ಪಂದವನ್ನು ಖಾಸಗಿ ಕಂಪನಿಯ ಜೊತೆ ಮಾಡಿಕೊಂಡಿತು. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರ್ ಬಂತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಎಷ್ಟೋ ಮಂದಿ ಅದೇ ಜಾಗದ ಪಕ್ಕದ ಫುಟ್‌ಪಾತಿನ ಮೇಲೆ ವರ್ಷಗಟ್ಟಲೆ ಬದುಕಿದರು. ಮರಳಿ ಬರುವ ಹಕ್ಕನ್ನು ಅವರ ಕೈಗೆ ಮೊದಲೇ ಬರೆದುಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಬೇರೆ ದಾರಿ ಇದೆ. ಮುಂಬೈಯ ವರಳಿಯಲ್ಲಿ 1920ರ ದಶಕದ ಬಿಡಿಡಿ ಚಾಳುಗಳೆಂಬ ಹಳೆಯ ಸರ್ಕಾರಿ ವಸತಿ ಕಟ್ಟಡಗಳನ್ನು ಕೆಡವಿ ಕಟ್ಟಿದಾಗ, 160 ಚದರ ಅಡಿಯ ಕೋಣೆಯಲ್ಲಿದ್ದವರಿಗೆ ಅದೇ ಜಾಗದಲ್ಲಿ 500 ಚದರ ಅಡಿಯ ಮನೆ ಕೊಡುವ ಮಾತಾಯಿತು. ನಡುವಿನ ವರ್ಷಗಳಿಗೆ ತಾತ್ಕಾಲಿಕ ಮನೆ ಅಥವಾ ಬಾಡಿಗೆ ಹಣ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಮೊದಲ 556 ಕುಟುಂಬಗಳು ಬೀಗದ ಕೈ ಪಡೆದವು. ಅಲ್ಲಿನ ನೆಲಕ್ಕೆ ಮುಂಬೈಯ ಬೆಲೆ ಇದೆ, ಆ ಲೆಕ್ಕ ಬಳ್ಳಾರಿಗೆ ಹೊಂದುವುದಿಲ್ಲ, ನಿಜ. ಹಾಗಾಗಿ ಹಣದ ಲೆಕ್ಕ ಹೊಂದುವ ಇನ್ನೊಂದು ಪದ್ಧತಿಯನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಅಮೆರಿಕದಲ್ಲೂ ಸರ್ಕಾರಿ ಮನೆಗಳು ಇದೇ ಗತಿಗೆ ಬಂದಿದ್ದವು. ವರ್ಷವರ್ಷ ಎಷ್ಟು ಅನುದಾನ ಬರುತ್ತದೋ ಗೊತ್ತಿಲ್ಲದ ಕಾರಣ ಆ ಕಟ್ಟಡಗಳಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟವಾಗಿತ್ತು. 2011ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಒಂದು ಬದಲಾವಣೆಗೆ ಒಪ್ಪಿತು. ಅನುದಾನವನ್ನು ಆಯಾ ಕಟ್ಟಡಕ್ಕೇ ಅಂಟಿಸಿ, 15ರಿಂದ 20 ವರ್ಷದ ಬಾಡಿಗೆ ನೆರವಿನ ಕರಾರು ಬರೆಯುವುದು. ಬಾಡಿಗೆದಾರರು ತಮ್ಮ ಆದಾಯದ ಶೇ. 30ರಷ್ಟನ್ನು ಕೊಡುತ್ತಾರೆ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಬರುವ ಹಣ ಖಚಿತವಾದ್ದರಿಂದ ಸಾಲ ಎತ್ತಿ ಚಾವಣಿ, ಕೊಳವೆ, ವೈರಿಂಗ್ ಎಲ್ಲವನ್ನೂ ಹೊಸದು ಮಾಡಬಹುದು. ರಿಪೇರಿಗಾಗಿ ಹೊರಗೆ ಹೋದವರಿಗೆ ಮರಳುವ ಹಕ್ಕು ಕಾಗದದ ಮೇಲೇ ಇರುತ್ತದೆ, ಮತ್ತೆ ಅರ್ಹತೆ ಸಾಬೀತು ಮಾಡಬೇಕಿಲ್ಲ.

ಅದರ ಕೆಟ್ಟ ಮುಖವನ್ನೂ ಹೇಳಲೇಬೇಕು. ನ್ಯೂಯಾರ್ಕ್‌ನಲ್ಲಿ ಖಾಸಗಿ ನಿರ್ವಾಹಕರ ಕೈಸೇರಿದ ಕೆಲವು ವಸತಿ ಸಂಕೀರ್ಣಗಳಲ್ಲಿ ಜನರನ್ನು ಒಕ್ಕಲೆಬ್ಬಿಸುವುದು ಹೆಚ್ಚಿದ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ ವರದಿ ಮಾಡಿತು. ಆದ್ದರಿಂದ ನಮ್ಮ ಮಾತು ಸ್ಪಷ್ಟ: ಕರಾರು ಬೇಕು, ಕಂಪನಿಯ ಯಜಮಾನಿಕೆ ಬೇಡ. ನೆಲ ಸರ್ಕಾರದ್ದೇ ಆಗಿರಲಿ, ಕಟ್ಟಡವನ್ನು ಪಾಲಿಕೆ ಮತ್ತು ಅಲ್ಲಿ ವಾಸಿಸುವವರ ಸಮಿತಿ ನೋಡಿಕೊಳ್ಳಲಿ.

ನಮ್ಮ ದೇಶದಲ್ಲಿ ಬಾಡಿಗೆ ವಸತಿಯ ಯೋಜನೆ ಇಲ್ಲವೆಂದಲ್ಲ. ಕೊರೊನಾ ಕಾಲದಲ್ಲಿ ಕೂಲಿಯವರು ಊರುಗಳಿಗೆ ನಡೆದುಹೋದ ಮೇಲೆ, 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು 25 ವರ್ಷದ ಒಪ್ಪಂದದ ಮೇಲೆ ಬಾಡಿಗೆಗೆ ಕೊಡುವ ಯೋಜನೆ ತಂದಿತು. ಆಗ ದೇಶದಲ್ಲಿ ಅಂಥ ಖಾಲಿ ಮನೆಗಳು 1.08 ಲಕ್ಷ ಇದ್ದವು. ಚಂಡೀಗಢದಲ್ಲಿ 2,195, ಸೂರತ್‌ನಲ್ಲಿ 393 ಮನೆಗಳು ಹೀಗೆ ಬಾಡಿಗೆಗೆ ಹೋದವು. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲೂ ಬಾಡಿಗೆ ವಸತಿ ಒಂದು ಭಾಗ. ಆದರೆ 2020ರ ನಿಯಮದಲ್ಲಿ ಬಾಡಿಗೆ ನಿಗದಿಯಾಗುವುದು ಸ್ಥಳೀಯ ಸಮೀಕ್ಷೆಯಿಂದ, ಏರುವುದು ಎರಡು ವರ್ಷಕ್ಕೊಮ್ಮೆ ಶೇ. 8ರಂತೆ. ಬಾಡಿಗೆಗೂ ಮನೆಯವರ ದುಡಿಮೆಗೂ ಸಂಬಂಧವಿಲ್ಲ. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಗಳಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಆರ್ಡರ್ ನಿಂತ ತಿಂಗಳು ಅವಳ ಕೂಲಿ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಈ ಬಾಕಿ ಬಿದ್ದ ಬಾಡಿಗೆಯೇ ನಾಳೆ ಅವಳನ್ನು ಹೊರಗೆ ಹಾಕಲು ಕಾರಣವಾಗುತ್ತದೆ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಮನೆಯ ಆದಾಯ ತಿಂಗಳಿಗೆ 12,000 ರೂಪಾಯಿ. ಕಟ್ಟಡದ ಸಾಲದ ಕಂತು, ರಿಪೇರಿ, ಪಂಪಿನ ಕರೆಂಟು ಸೇರಿ ಒಂದು ಮನೆಗೆ 3,500 ರೂಪಾಯಿ ಬೇಕು ಎಂದುಕೊಳ್ಳಿ. ಅಮೆರಿಕದ ಶೇ. 30 ನಮ್ಮ ಬಡವರಿಗೆ ಭಾರ. ಆರನೇ ಒಂದು ಪಾಲು ನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಅಂದರೆ ಮನೆಯವರು 2,000, ಸರ್ಕಾರ 1,500. ದುಡಿಮೆ 6,000ಕ್ಕೆ ಇಳಿದ ತಿಂಗಳು ಮನೆಯವರು 1,000 ಕೊಡುತ್ತಾರೆ, ಸರ್ಕಾರದ ಪಾಲು 2,500 ಆಗುತ್ತದೆ. ಮನೆ ಉಳಿಯುತ್ತದೆ. ಪಂಪಿನ ಮಾತು ಸುಮ್ಮನೆ ಸೇರಿಸಿದ್ದಲ್ಲ. ಬಳ್ಳಾರಿಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯಬೇಕು. ಮೇಲಿನ ಮಹಡಿಗೆ ಅದನ್ನು ಏರಿಸುವ ಖರ್ಚನ್ನು ಯಾರೂ ಮೊದಲೇ ಎಣಿಸುವುದಿಲ್ಲ.

"ನಮಗೆ ಬಾಡಿಗೆ ಬೇಡ, ಹಕ್ಕುಪತ್ರ ಬೇಕು" ಎಂದು ಹಲವರು ಹೇಳುತ್ತೀರಿ. ಆ ಆಸೆಯನ್ನು ನಾವು ಕಡಿಮೆ ಮಾಡಿ ನೋಡುವುದಿಲ್ಲ. ಮನೆಗಾಗಿ ವಂತಿಕೆ ಕಟ್ಟಿದವರಿಗೆ, ಕೊಳೆಗೇರಿ ಕಾಯ್ದೆಯಡಿ ಹಕ್ಕು ಬಂದವರಿಗೆ ಹಕ್ಕುಪತ್ರ ತಡವಿಲ್ಲದೆ ಸಿಗಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಪೌರಕಾರ್ಮಿಕರ ವಸತಿಗೃಹದಲ್ಲಿ ಇರುವವರಿಗೆ, ಸಿರುಗುಪ್ಪ ಕುರುಗೋಡು ಕಡೆಯಿಂದ ದುಡಿಯಲು ಬಂದ ಹಮಾಲರಿಗೆ, ಗಂಡನ ಹೆಸರಿನಲ್ಲಿದ್ದ ಮಂಜೂರಾತಿ ಪತ್ರವೂ ಕಳೆದುಹೋದ ವಿಧವೆಯರಿಗೆ ಹಕ್ಕುಪತ್ರ ಬರುವ ತನಕ ಸೂರು ಬೇಡವೇ? ಇನ್ನು ಮಹಡಿ ಮನೆಯಲ್ಲಿ ಹಕ್ಕುಪತ್ರ ಇದ್ದರೂ ಮೇಲಿನವರ ಬಚ್ಚಲು ನಿಮ್ಮ ಗೋಡೆಗೆ ಇಳಿಯುವುದು ತಪ್ಪುವುದಿಲ್ಲ. ಇಡೀ ಕಟ್ಟಡಕ್ಕೆ ಒಂದು ಖಾತೆ, ಆ ಖಾತೆಗೆ ತಿಂಗಳು ತಿಂಗಳು ಹಣ ಬಂದರೆ ಮಾತ್ರ ಚಾವಣಿ ನಿಲ್ಲುತ್ತದೆ.

ಊರಾಚೆ ಮನೆ ಕೊಡುತ್ತೇವೆ ಎಂಬ ಮಾತಿಗೆ ಅವಸರದಿಂದ ತಲೆಯಾಡಿಸಬೇಡಿ. ಬ್ರೂಸ್‌ಪೇಟೆ, ಕೌಲ್‌ಬಜಾರ್, ಮಿಲ್ಲರ್‌ಪೇಟೆಯವರ ಕೆಲಸ, ಶಾಲೆ, ಸಂತೆ, ಆಸ್ಪತ್ರೆ ಎಲ್ಲ ಊರೊಳಗೇ ಇವೆ. ದಿನಾ ಆಟೋಗೆ ಕೊಡುವ ದುಡ್ಡೂ ಬಾಡಿಗೆಯೇ.

ಹಣ ಎಲ್ಲಿಂದ ಎಂದು ಕೇಳುತ್ತಾರೆ. ಪಾಲಿಕೆಯ ಬಜೆಟ್‌ನಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ತೆಗೆದಿಡುವ ನಿಯಮ ಈಗಲೂ ಇದೆ. ಜಿಲ್ಲೆಯ ಮಣ್ಣು ಅಗೆದು ಮಾರಿದ್ದರಿಂದ ಬಂದ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಅದಿರು ಲಾರಿಗಳ ಕೆಂಪು ದೂಳು ಕುಡಿದ ಜಿಲ್ಲೆಯ ಬಡವರು ಅದರಲ್ಲೊಂದು ಪಾಲನ್ನು ಸೂರಿಗಾಗಿ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ, ಮುಂಬೈಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಹೇಳಿದೆ.

ಈಗ ಆಗಬೇಕಾದ ಕೆಲಸ ಇಷ್ಟು. ಪಾಲಿಕೆಯು ನಗರದ ಪ್ರತಿಯೊಂದು ಹಳೆಯ ಸರ್ಕಾರಿ ವಸತಿ ಕಟ್ಟಡದ ತಪಾಸಣೆ ಮಾಡಿಸಿ ವರದಿಯನ್ನು ಕನ್ನಡದಲ್ಲಿ ಅದೇ ಕಟ್ಟಡದ ಬಾಗಿಲಿಗೆ ಅಂಟಿಸಲಿ. ವಾಸವಿರುವವರ ಪಟ್ಟಿಯನ್ನು ಬಾಡಿಗೆದಾರರನ್ನೂ ಸೇರಿಸಿ ಮೊದಲೇ ಪ್ರಕಟಿಸಲಿ. 20 ವರ್ಷದ ಕರಾರು, ಆದಾಯಕ್ಕೆ ಕಟ್ಟಿದ ಬಾಡಿಗೆ, ಮರಳುವ ಹಕ್ಕು ಇವು ಮೂರೂ ಕೈಗೆ ಬರುವ ತನಕ ಯಾರೂ ಖಾಲಿ ಮಾಡುವ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ.

ನಿಮ್ಮ ಮಂಜೂರಾತಿ ಪತ್ರ, ವಂತಿಕೆ ಕಟ್ಟಿದ ರಸೀದಿ, ಕರೆಂಟ್ ಬಿಲ್, ರೇಷನ್ ಕಾರ್ಡ್ ಇವುಗಳ ಎರಡೆರಡು ಜೆರಾಕ್ಸ್ ತೆಗೆಸಿ ಒಂದು ಕಡೆ ಇಡಿ. ವಾರ್ಡ್ ಸಭೆಗೆ ಮನೆಗೊಬ್ಬರಂತೆ ಬನ್ನಿ. ಅರ್ಜಿ ಕೊಟ್ಟಾಗ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಯವರಿಗೆ ಕೊಡಿ, ಓದಲು ಬಾರದವರಿಗೆ ಓದಿ ಹೇಳಿ.